ಹೊಟ್ಟೆಯಿಂದ ಉಸಿರಾಡುವ ಗಾಡಿ

14 ಜುಲೈ 2024, ಭಾನುವಾರ
ತಿಪಟೂರು

ಇವತ್ತು ಸಂಜೆ ನಾಲ್ಕೂವರೆಗೆ ನನ್ನ ಹಳೇ ಯೆಜ್ಡಿ ಬೈಕ್ ಸ್ಲೋ ಹಿಡಿಯಿತು. ಎಕ್ಸಿಲೇಟರ್ ಪೂರ್ತಿ ಬಿಟ್ಟರೂ ಆಫ್ ಆಗಲಿಲ್ಲ. ತನ್ನಷ್ಟಕ್ಕೆ ರೇಸ್ ಏರಲೂ ಇಲ್ಲ. ಎರಡೂ ಸೈಲೆನ್ಸರ್‌ಗಳಿಂದ ಸಮನಾಗಿ ಹೊಗೆ ಬಿಡುತ್ತಾ, ಡುಗ್ ಡುಗ್ ಅಂತ ಅಂಗಳದಲ್ಲಿ ನಿಂತೇ ಇತ್ತು. ನಾನು ಐದು ನಿಮಿಷ ಅದರ ಪಕ್ಕ ಸುಮ್ನೆ ಕೂತಿದ್ದೆ.

ಸ್ಟಾರ್ಟ್ ಆಗಿದ್ದು ಇದೇ ಮೊದಲಲ್ಲ. ಜೂನ್‌ನಲ್ಲೇ ಒಮ್ಮೆ ಆಗಿತ್ತು. ಆವತ್ತೇ ಎಲ್ಲ ಮುಗಿಯಿತು ಅಂದುಕೊಂಡಿದ್ದೆ. ನಿಜವಾದ ಪಾಠ ಶುರುವಾಗಿದ್ದು ಅದಾದ ಮೇಲೆ. ಅದನ್ನೇ ಬರೆದಿಡಬೇಕು ಅನ್ನಿಸಿತು.

ಗಾಡಿ ನನ್ನ ಸೋದರಮಾವನದು. 1976ರ ಯೆಜ್ಡಿ, 250 ಸಿಸಿ. ಅರಸೀಕೆರೆ ಹತ್ತಿರ ಅವರ ತೋಟದ ಮನೆಯಲ್ಲಿ, ಕಾಯಿ ಅಟ್ಟದ ಕೆಳಗೆ, 2005ರಿಂದ ಒಂದೇ ಜಾಗದಲ್ಲಿ ನಿಂತಿತ್ತು. ಮೇಲೆ ಕೊಬ್ಬರಿ ಒಣಗುತ್ತಿತ್ತು, ಕೆಳಗೆ ಗಾಡಿ. ಜಾಗ ಒಣಗಿದ್ದರಿಂದ ಹೊರಗೆ ತುಕ್ಕು ಕಡಿಮೆ. ಬೇಸಿಗೆ ರಜೆಯಲ್ಲಿ ಕೇಳಿದೆ. "ಓಡಿಸೋದಾದ್ರೆ ತಗೊಂಡ್ ಹೋಗು ಮಗಾ, ಶೋಗೆ ಇಡೋದಾದ್ರೆ ಬೇಡ" ಅಂದರು. ಲಗೇಜ್ ಆಟೋದಲ್ಲಿ ಹಾಕಿಕೊಂಡು ಬಂದೆ. ಅಲ್ಲಿಯವರೆಗೆ ನಾನು ಬಿಚ್ಚಿದ್ದ ದೊಡ್ಡ ಯಂತ್ರ ಅಂದರೆ ಮಿಕ್ಸಿ.

ಮೊದಲ ದಿನ ಕಿಕ್ಕರ್ ಇಳಿಯಲೇ ಇಲ್ಲ. ಈ ಗಾಡಿಯಲ್ಲಿ ಕಿಕ್ಕರ್, ಗೇರ್ ಎರಡಕ್ಕೂ ಎಡಗಡೆ ಒಂದೇ ಲಿವರ್. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದೆ. ಅದರ ಮೇಲೆ ನಿಂತರೂ ಅಲುಗಾಡಲಿಲ್ಲ. ಪಿಸ್ಟನ್ ತಾನು ಓಡಾಡುವ ಕೊಳವೆಗೆ, ಅಂದರೆ ಬೋರಿಗೆ, ಕಚ್ಚಿಕೊಂಡಿತ್ತು. ಪ್ಲಗ್ ಬಿಚ್ಚಿ, ಡೀಸೆಲ್‌ಗೆ ಸ್ವಲ್ಪ ಇಂಜಿನ್ ಆಯಿಲ್ ಬೆರೆಸಿ ಆ ತೂತಿನಿಂದ ಸುರಿದೆ. ಐದು ದಿನ ಹಾಗೇ ಬಿಟ್ಟೆ. ಆರನೇ ದಿನ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಹಿಂದೆ ಮುಂದೆ ಮೆಲ್ಲಗೆ ಆಡಿಸಿದೆ. ಒಂದು ಕೂದಲೆಳೆ ಜರುಗಿತು. ಅರ್ಧ ಗಂಟೆಯಲ್ಲಿ ಪೂರ್ತಿ ಸುತ್ತಿತು. ಇಲ್ಲಿ ಬಲ ಹಾಕಬಾರದು. ಜೋರಾಗಿ ಒದ್ದರೆ ಪಿಸ್ಟನ್ ರಿಂಗ್ ಮುರಿಯುತ್ತದೆ, ಬೋರ್ ಗೀರಾಗುತ್ತದೆ.

ಟ್ಯಾಂಕಿನ ಒಳಗೆ ಮಾತ್ರ ತುಕ್ಕು ಪದರ ಪದರವಾಗಿ ಎದ್ದಿತ್ತು. ಹುಣಸೆಹಣ್ಣು ಕಿವುಚಿದ ನೀರು, ಒಂದು ಹಿಡಿ ಸಣ್ಣ ಜಲ್ಲಿ. ಎರಡು ದಿನ ನೆನೆಸಿ, ಆಗಾಗ ಕುಲುಕಿ, ಆಮೇಲೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು ಬಿಸಿಲಿಗಿಟ್ಟೆ. ಒಣಗಿದ ತಕ್ಷಣ ಒಳಗೆ ಸ್ವಲ್ಪ 2ಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವ ಆಯಿಲ್) ಆಡಿಸಬೇಕು, ಇಲ್ಲದಿದ್ದರೆ ಮತ್ತೆ ತುಕ್ಕು ಹತ್ತುತ್ತದೆ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್‌ನಲ್ಲಿ ಹಳೇ ಪೆಟ್ರೋಲ್ ಗೋಂದಿನ ಹಾಗೆ ಗಟ್ಟಿಯಾಗಿತ್ತು. ಜೆಟ್‌ನ ತೂತನ್ನು ವೈರಿನ ಒಂದೇ ಒಂದು ತಾಮ್ರದ ಎಳೆಯಿಂದ ಬಿಡಿಸಿದೆ. ಸೂಜಿ ಹಾಕಿದರೆ ತೂತು ದೊಡ್ಡದಾಗುತ್ತದೆ, ಅಲ್ವಾ.

ಕರೆಂಟಿನ ಕೆಲಸ ಜಾಸ್ತಿ ಹೊತ್ತು ಹಿಡಿಯಲಿಲ್ಲ. 6 ವೋಲ್ಟಿನ ಹೊಸ ಬ್ಯಾಟರಿ, ಹೊಸ ಕಂಡೆನ್ಸರ್. ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಪಾಯಿಂಟ್ ಉಜ್ಜಿ ಗ್ಯಾಪ್ 0.4 ಮಿಲಿಮೀಟರ್‌ಗೆ ಇಟ್ಟೆ. ಪ್ಲಗ್ಗನ್ನು ಹೆಡ್ಡಿಗೆ ತಾಗಿಸಿ ಕಿಕ್ ಹೊಡೆದರೆ ನೀಲಿ ಕಿಡಿ ಬಂತು. ಲೀಟರ್ ಪೆಟ್ರೋಲಿಗೆ 40 ಎಂಎಲ್ 2ಟಿ ಆಯಿಲ್. ಈ ಲೆಕ್ಕ ಮಾವನಿಗೆ ಇವತ್ತಿಗೂ ಬಾಯಿಪಾಠ.

ಜೂನ್ 9, ಭಾನುವಾರ, ಹನ್ನೊಂದನೇ ಕಿಕ್ಕಿಗೆ ಹತ್ತಿಕೊಂಡಿತು. ಓಣಿಯ ಮಕ್ಕಳೆಲ್ಲ ಓಡಿ ಬಂದರು. ಚೋಕ್ ತೆಗೆದೆ. ತೆಗೆದದ್ದೇ ತಡ, ರೇಸ್ ತಾನೇ ಏರತೊಡಗಿತು. ಕೈ ಎಕ್ಸಿಲೇಟರ್ ಮೇಲಿಲ್ಲ, ಆದರೂ ಕಿರುಚಾಟ. ಕೀ ತೆಗೆದು ನಿಲ್ಲಿಸಿದೆ. ಕೈ ನಡುಗುತ್ತಿತ್ತು.

ಆಮೇಲೆ ಎರಡು ವಾರ ಕಾರ್ಬುರೇಟರ್ ಜೊತೆಗೇ ಕಳೆದೆ. ಸ್ಕ್ರೂ ಒಳಗೆ, ಸ್ಕ್ರೂ ಹೊರಗೆ. ಎಕ್ಸಿಲೇಟರ್ ಕೇಬಲ್ ಬದಲಾಯಿಸಿದೆ. ಕಾರ್ಬುರೇಟರ್ ಪ್ಯಾಕಿಂಗ್ ಹೊಸದು ಹಾಕಿದೆ. ಒಂದು ದಿನ ಸ್ಲೋ ನಿಲ್ಲುತ್ತಿರಲಿಲ್ಲ, ಇನ್ನೊಂದು ದಿನ ರೇಸ್ ಇಳಿಯುತ್ತಿರಲಿಲ್ಲ. ಪ್ಲಗ್ ಬಿಚ್ಚಿದರೆ ತುದಿ ಸುಣ್ಣದ ಹಾಗೆ ಬಿಳಿ. ಕರಿ ಹಿಡಿದಿಲ್ಲವಲ್ಲ, ಒಳ್ಳೆಯದೇ ಅಂದುಕೊಂಡೆ. ಅದು ತಪ್ಪು ಓದು.

ಸಂತೆ ಮೈದಾನದ ಕಡೆ ಒಬ್ಬರು ವಯಸ್ಸಾದ ಮೆಕ್ಯಾನಿಕ್ ಇದ್ದಾರೆ. ಈಗ ಅಂಗಡಿ ಇಲ್ಲ. ನಾನು ತಾತ ಅಂತಲೇ ಕರೆಯುವುದು. ಪ್ಲಗ್ಗನ್ನು ಪೇಪರಿನಲ್ಲಿ ಸುತ್ತಿಕೊಂಡು ಹೋಗಿ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, "ಎಲ್ಲೋ ಏರ್ ಹೊಡೀತೈತೆ ಕಣವ್ವ. ಓಡಿಸಬ್ಯಾಡ, ಸೀಜ್ ಆಗೋಯ್ತದೆ" ಅಂದರು. ಸೀಜ್ ಅಂದರೆ ಪಿಸ್ಟನ್ ಮತ್ತೆ ಬೋರಿಗೆ ಕಚ್ಚಿಕೊಳ್ಳುವುದು. ಕಾರ್ಬುರೇಟರ್ ಪ್ಯಾಕಿಂಗ್ ಹಾಕಿದೀನಿ ತಾತ ಅಂದೆ. ಅವರು ನನ್ನ ಮುಖ ನೋಡಿ ಕೇಳಿದರು: "ಈ ಗಾಡಿ ಎಲ್ಲಿಂದ ಉಸಿರು ಎಳ್ಕೊಂತೈತೆ ಹೇಳು?"

ನನಗೆ ಗೊತ್ತಿರಲಿಲ್ಲ. ಅವರು ಟೀ ಲೋಟ ಮತ್ತು ಬೆರಳು ಇಟ್ಟುಕೊಂಡು ತೋರಿಸಿದರು. ಟೂ ಸ್ಟ್ರೋಕ್ ಇಂಜಿನ್‌ಗೆ ವಾಲ್ವ್ ಇಲ್ಲ. ಪಿಸ್ಟನ್ ಮೇಲೆ ಹೋಗುವಾಗ ಕೆಳಗೆ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ಇರುವ ಕೋಣೆ ಖಾಲಿಯಾಗಿ ಕಾರ್ಬುರೇಟರ್‌ನಿಂದ ಗಾಳಿ, ಪೆಟ್ರೋಲ್ ಎಳೆದುಕೊಳ್ಳುತ್ತದೆ. ಪಿಸ್ಟನ್ ಕೆಳಗಿಳಿಯುವಾಗ ಅದನ್ನು ಒತ್ತಿ, ಪಕ್ಕದ ದಾರಿಗಳಿಂದ ಮೇಲಕ್ಕೆ ನೂಕುತ್ತದೆ. ಅಂದರೆ ಹೊಟ್ಟೆಯಿಂದ ಉಸಿರಾಟ. ಆ ಹೊಟ್ಟೆಯ ಎರಡೂ ಕಡೆ ಕ್ರ್ಯಾಂಕ್ ಹೊರಗೆ ಬರುವ ಜಾಗದಲ್ಲಿ ಒಂದೊಂದು ರಬ್ಬರ್ ಆಯಿಲ್ ಸೀಲ್ ಇದೆ. ಸೀಲ್ ಸೋತರೆ ಗಾಳಿ ಅಲ್ಲಿಂದಲೂ ನುಗ್ಗುತ್ತದೆ. ಆ ಗಾಳಿ ಕಾರ್ಬುರೇಟರ್ ದಾಟಿ ಬಂದದ್ದಲ್ಲ. ಅದರಲ್ಲಿ ಪೆಟ್ರೋಲ್ ಇಲ್ಲ, ಆಯಿಲ್ ಇಲ್ಲ. ಈ ಇಂಜಿನ್‌ನ ಪಿಸ್ಟನ್‌ಗೆ, ಕ್ರ್ಯಾಂಕ್‌ಗೆ ಪೆಟ್ರೋಲಿನ ಜೊತೆ ಬರುವ ಆಯಿಲ್ ಬಿಟ್ಟರೆ ಬೇರೆ ಆಯಿಲೇ ಇಲ್ಲ. ಅದಕ್ಕೇ ಸೀಜ್ ಆಗುವ ಭಯ. ಸ್ಕ್ರೂ ಎಷ್ಟು ತಿರುಗಿಸಿದರೂ ಏನೂ ಆಗದಿದ್ದದ್ದೂ ಅದಕ್ಕೇ. ನಾನು ಮೂಗು ಒರೆಸುತ್ತಿದ್ದೆ, ಕಾಯಿಲೆ ಹೊಟ್ಟೆಯಲ್ಲಿತ್ತು.

ಎರಡರಲ್ಲಿ ಯಾವ ಸೀಲ್? ಎಡಗಡೆಯದು ಕ್ಲಚ್ಚಿನ ಹಿಂದೆ. ಅದು ಸೋತರೆ ಗೇರ್ ಆಯಿಲ್ ಒಳಕ್ಕೆ ಎಳೆದು ಬಿಳಿ ಹೊಗೆ ಕಕ್ಕುತ್ತದೆ, ಗೇರ್ ಆಯಿಲ್ ಇಳಿಯುತ್ತದೆ. ನನ್ನ ಗಾಡಿಯಲ್ಲಿ ಆಯಿಲ್ ಇಳಿದಿರಲಿಲ್ಲ. ಬಲಗಡೆಯದು ಡೈನಮೋ ಹಿಂದೆ. ಮನೆಗೆ ಬಂದು ಬಲಗಡೆ ಕವರ್ ತೆಗೆದು ಬೆರಳು ಹಾಕಿದೆ. ಒಣಗಿರಬೇಕಾದ ಜಾಗದಲ್ಲಿ ಕಪ್ಪು ಜಿಡ್ಡು. ಮೂಸಿದೆ. ಪೆಟ್ರೋಲ್ ವಾಸನೆ! ಗೇರ್ ಆಯಿಲ್‌ಗೆ ಆ ವಾಸನೆ ಇರುವುದಿಲ್ಲ. ಪಿಸ್ಟನ್ ಇಳಿದಾಗಲೆಲ್ಲ ಒಳಗಿನ ಮಿಶ್ರಣ ಸೀಲ್ ದಾಟಿ ಹೊರಗೆ ಚಿಮ್ಮಿತ್ತು. ಈ ಜಿಡ್ಡನ್ನು ನಾನು ಮೇ ತಿಂಗಳಲ್ಲೇ ಪಾಯಿಂಟ್ ಉಜ್ಜುವಾಗ ನೋಡಿದ್ದೆ. ಹಳೇ ಗಲೀಜು ಅಂದುಕೊಂಡು ಒರೆಸಿದ್ದೆ. ಒರೆಸಿದ ಮೇಲೂ ಮತ್ತೆ ಬಂದಿದೆ ಅಂದರೆ ಅದು ಹಳೆಯದಲ್ಲ.

ಸೀಲ್ ತರಲು ಕಳೆದ ಶನಿವಾರ ಮೈಸೂರಿಗೆ ಹೋಗಿದ್ದೆ. ಜಾವಾ, ಯೆಜ್ಡಿ ಸಾಮಾನು ಇವತ್ತಿಗೂ ಅಲ್ಲಿ ಸಿಗುತ್ತದೆ. ಗಾಡಿ ಹುಟ್ಟಿದ್ದೂ ಅಲ್ಲೇ. ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿ 1961ರಲ್ಲಿ ಶುರುವಾಯಿತು. ಮೊದಲು ಜೆಕೊಸ್ಲೊವಾಕಿಯಾದ ಜಾವಾ ಹೆಸರಿನಲ್ಲೇ ಗಾಡಿ ಬಂದವು. 1973ರಿಂದ ಯೆಜ್ಡಿ ಅನ್ನುವ ಹೆಸರು. 1996ರಲ್ಲಿ ಬಾಗಿಲು ಮುಚ್ಚಿತು. ನನ್ನ ಕೈಯಲ್ಲಿ ನಾಲ್ಕು ಬೆರಳಗಲದ ಒಂದು ರಬ್ಬರ್ ಬಳೆ. ಆಟೋದಲ್ಲಿ ಆ ರಸ್ತೆ ದಾಟುವಾಗ, ಈ ಇಂಜಿನ್‌ಗೆ ಮೊದಲ ಸೀಲ್ ಕೂರಿಸಿದ ಕೈ ಯಾರದ್ದೋ ಅಂತ ಯೋಚನೆ ಬಂತು.

ಇವತ್ತು ಬೆಳಿಗ್ಗೆ ಶುರು ಮಾಡಿದೆ. ಪಾಯಿಂಟ್ ಪ್ಲೇಟ್ ಎಲ್ಲಿ ಕೂತಿತ್ತು ಅಂತ ಮೊದಲು ಗೀರು ಹಾಕಿಕೊಂಡೆ, ಟೈಮಿಂಗ್ ತಪ್ಪಬಾರದಲ್ಲ. ಡೈನಮೋ ಹೊರಗಿನ ಭಾಗ ಬಂತು. ಒಳಗಿನ ಆರ್ಮೇಚರ್ ಪುಲ್ಲರ್ ಬೋಲ್ಟಿಗೆ ಟಕ್ ಅಂತ ಕಳಚಿತು. ಹಳೇ ಸೀಲ್ ಪ್ಲಾಸ್ಟಿಕ್ ಹಾಗೆ ಗಟ್ಟಿಯಾಗಿತ್ತು, ಉಗುರು ಒತ್ತಿದರೆ ಇಳಿಯಲಿಲ್ಲ. ಹೊಸದರ ತುಟಿಗೆ ಆಯಿಲ್ ಸವರಿ, ಸ್ಪ್ರಿಂಗ್ ಇರುವ ಕಡೆ ಒಳಮುಖ ಮಾಡಿ, ಅಳತೆಗೆ ಸರಿಯಾದ ಪೈಪ್ ತುಂಡಿಟ್ಟು ಮರದ ಕೊಡತಿಯಿಂದ ಸುತ್ತಲೂ ಸಮನಾಗಿ ತಟ್ಟಿದೆ. ಈ ಒಂದು ಕೆಲಸಕ್ಕೆ ಒಂದು ಗಂಟೆ ಹಿಡಿಯಿತು. ಓರೆಯಾದರೆ ಮತ್ತೆ ಮೈಸೂರು.

ಮಾವ ಮಧ್ಯಾಹ್ನದ ಬಸ್ಸಿಗೆ ಬಂದರು. ಇವತ್ತು ಜುಲೈ ಎರಡನೇ ಭಾನುವಾರ, ಜಾವಾ ದಿನ. ಊರೂರಲ್ಲಿ ಈ ಗಾಡಿಗಳೆಲ್ಲ ಸೇರುತ್ತವೆ. ನನ್ನದಕ್ಕೆ ಆರ್‌ಸಿ ರಿನ್ಯೂ ಆಗಬೇಕು, ಇನ್ಶೂರೆನ್ಸ್ ಆಗಬೇಕು, ಅಲ್ಲಿಯವರೆಗೆ ರೋಡಿಗೆ ಇಳಿಸುವುದಿಲ್ಲ. ಸೋನೆ ಮಳೆ ನಿಂತ ಮೇಲೆ ಹಿತ್ತಲ ತೋಟದ ದಾರಿಯಲ್ಲಿ, ತೆಂಗಿನ ಸಾಲಿನ ನಡುವೆ, ಇಪ್ಪತ್ತು ನಿಮಿಷ ಸುತ್ತಿದೆ. ಮಾವ ದಾರಿ ಕೊನೆಯಲ್ಲಿ ನಿಂತು, "ಕ್ಲಚ್ ಹಿಡೀಬೇಡ, ಗೇರ್ ಲಿವರ್ ಒತ್ತು ಸಾಕು" ಅಂತ ಕೂಗುತ್ತಿದ್ದರು. ಹೌದು, ಲಿವರ್ ಒತ್ತಿದಾಗ ಇದರ ಕ್ಲಚ್ ತಾನೇ ಬಿಡುತ್ತದೆ. ಆಮೇಲೆ ಅವರೂ ಹತ್ತಿದರು. ನಾಲ್ಕು ಸುತ್ತು ಹೊಡೆದರು, ಇಳಿಯಲಿಲ್ಲ. ಐದನೆಯದಕ್ಕೂ ಹೋದರು.

ಕತ್ತಲಾದ ಮೇಲೆ ಇಂಜಿನ್ ಆರಿತು. ಪ್ಲಗ್ ಬಿಚ್ಚಿ ಬಲ್ಬಿನ ಕೆಳಗೆ ಹಿಡಿದೆ. ಹೊಸದಲ್ಲ, ಹಳೆಯದನ್ನೇ ಉಜ್ಜಿ ಹಾಕಿದ್ದೆ. ಸುಣ್ಣದ ಬಿಳಿ ಇಲ್ಲ. ಪೂರ್ತಿ ಬಣ್ಣ ಇನ್ನೂ ಹಿಡಿದಿಲ್ಲ, ಆದರೆ ಅಂಚಿನಲ್ಲಿ ಸುತ್ತಲೂ ತೆಳ್ಳಗೆ ಕಾಫಿ ಪುಡಿ ಬಣ್ಣ. ನಾಳೆ ಸ್ಕೂಲು ಬಿಟ್ಟ ಮೇಲೆ ಪೇಪರಿನಲ್ಲಿ ಸುತ್ತಿಕೊಂಡು ತಾತನಿಗೆ ತೋರಿಸಲು ಹೋಗುತ್ತೇನೆ.