ಮ್ಯಾಟ್ರಿಕ್ಸ್ ಕಲಿಯೋಕೆ ಗ್ರಾಫ್ ಶೀಟ್ ಸಾಕು
ಬಳ್ಳಾರಿಯಲ್ಲಿ ಈ ವರ್ಷ ಇಂಜಿನಿಯರಿಂಗ್ ಸೇರಿದವರಿಗೆ ಒಂದು ಮಾತು. ಮ್ಯಾಟ್ರಿಕ್ಸ್ ಅಂದ್ರೆ ಸಾಲು, ಕಾಲಂಗಳಲ್ಲಿ ಜೋಡಿಸಿದ ಸಂಖ್ಯೆಗಳು; ಅದು ಹಾಳೆ ಮೇಲಿನ ಬಿಂದುಗಳನ್ನು ಬೇರೆ ಜಾಗಕ್ಕೆ ಸರಿಸುತ್ತದೆ. ಅದರಿಂದ ಲೆಕ್ಕ ಹಾಕುವ ಡಿಟರ್ಮಿನೆಂಟ್ ಅನ್ನೋ ಸಂಖ್ಯೆಯ ಸೂತ್ರ ಸುಮ್ನೆ ಬಾಯಿಪಾಠ ಮಾಡಬೇಡಿ, ಒಂದು ಗ್ರಾಫ್ ಶೀಟ್ ತಗೊಳ್ಳಿ.

ಒಂದು ಮ್ಯಾಟ್ರಿಕ್ಸ್ ಬರೆಯಿರಿ: ಮೊದಲ ಸಾಲು 2, 1. ಎರಡನೇ ಸಾಲು 1, 3. ಈಗ ಕಾಲಂಗಳನ್ನು ನೋಡಿ. (1, 0) ಬಿಂದು ಹೋಗಿ (2, 1)ರಲ್ಲಿ ಕೂರುತ್ತದೆ, (0, 1) ಹೋಗಿ (1, 3)ರಲ್ಲಿ. ಗ್ರಾಫ್ ಶೀಟಿನ ಒಂದು ಚೌಕ (ವಿಸ್ತೀರ್ಣ 1) ವಾಲಿಕೊಂಡು ದೊಡ್ಡದಾಗುತ್ತದೆ, ಅದರ ವಿಸ್ತೀರ್ಣ ಸರಿಯಾಗಿ 5. ಡಿಟರ್ಮಿನೆಂಟೂ (2×3 − 1×1) 5! ಸಿರುಗುಪ್ಪ ಬಸ್ಸಿಗೆ ಕಾಯುತ್ತಾ ನೋಟ್‌ಬುಕ್ಕಿನಲ್ಲಿ ಇದನ್ನು ಬಿಡಿಸಿದಾಗ ನನಗೆ ಎಷ್ಟು ಖುಷಿಯಾಯ್ತು ಅಂದ್ರೆ, ಪಕ್ಕದಲ್ಲಿದ್ದ ಗೆಳೆಯನಿಗೂ ಅಲ್ಲೇ ತೋರಿಸಿದೆ.

ಎರಡನೇ ಸಾಲನ್ನು 4, 2 ಮಾಡಿ. ಎರಡೂ ಕಾಲಂ ಒಂದೇ ಗೆರೆ ಮೇಲೆ ಬೀಳುತ್ತವೆ. ವಿಸ್ತೀರ್ಣ ಸೊನ್ನೆ. ಇಡೀ ಹಾಳೆ ಒಂದು ಗೆರೆಯಾಗಿ ಚಪ್ಪಟೆ ಆದ ಮೇಲೆ ಯಾವ ಬಿಂದು ಎಲ್ಲಿಂದ ಬಂತು ಅಂತ ಹೇಳೋದು ಹೇಗೆ? ಅದಕ್ಕೇ ಈ ಮ್ಯಾಟ್ರಿಕ್ಸ್‌ಗೆ ಇನ್ವರ್ಸ್, ಅಂದ್ರೆ ಬಿಂದುಗಳನ್ನು ವಾಪಸ್ ಕಳಿಸೋ ಮ್ಯಾಟ್ರಿಕ್ಸ್, ಇಲ್ಲ.

ಎರಡು ಮ್ಯಾಟ್ರಿಕ್ಸ್‌ಗಳ ಗುಣಾಕಾರವೂ ಅಷ್ಟೇ, ಒಂದು ಬದಲಾವಣೆ ಆದಮೇಲೆ ಇನ್ನೊಂದು. ಇಂಗ್ಲೆಂಡಿನ ಗಣಿತಜ್ಞ ಆರ್ಥರ್ ಕೇಲಿ 1858ರಲ್ಲೇ ಮ್ಯಾಟ್ರಿಕ್ಸ್ ಬಗ್ಗೆ ಪ್ರಬಂಧ ಬರೆದಿದ್ದ. ಮೊದಲು ತಿರುಗಿಸಿ ಆಮೇಲೆ ಎಳೆದರೆ ಒಂದು ಉತ್ತರ, ಮೊದಲು ಎಳೆದು ಆಮೇಲೆ ತಿರುಗಿಸಿದರೆ ಸಾಮಾನ್ಯವಾಗಿ ಬೇರೆ ಉತ್ತರ. ಬಿಡಿಸಿ ನೋಡಿ, ಗೊತ್ತಾಗುತ್ತೆ. ಐಗನ್‌ವೆಕ್ಟರ್ (ಮ್ಯಾಟ್ರಿಕ್ಸ್ ಬದಲಿಸಿದರೂ ತನ್ನ ಗೆರೆ ಬಿಡದ ವೆಕ್ಟರ್) ಬಗ್ಗೆ ಮುಂದಿನ ಸಲ ಬರೀತೀನಿ.