19ನೇ ಗೇಟು ಹೋದ ವಾರದ ಟೆನ್ಸ್ ಪಾಠ

ಗಂಗಾವತಿಯಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ಸಂಜೆ ಹೊತ್ತು ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಹನ್ನೆರಡು ಟೆನ್ಸ್‌ಗಳ ಪಟ್ಟಿ ಎಲ್ಲರಿಗೂ ಬಾಯಿಪಾಠ. ಪ್ರೆಸೆಂಟ್ ಪರ್ಫೆಕ್ಟ್ ಅಂದರೆ ಹ್ಯಾವ್ ಅಥವಾ ಹ್ಯಾಸ್, ಅದರ ಮುಂದೆ ಕ್ರಿಯಾಪದದ ಮೂರನೇ ರೂಪ ಅಂತ ಥಟ್ಟನೆ ಹೇಳುತ್ತಾರೆ. ಅದನ್ನು ಯಾವಾಗ ಬಳಸಬೇಕು ಅಂತ ಕೇಳಿದರೆ ಮಾತಿಲ್ಲ.

2024ರ ಆಗಸ್ಟ್ 10, ಶನಿವಾರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಭಾನುವಾರ ಸಂಜೆ ಮಕ್ಕಳು ಬಂದರು, ಆದರೆ ಯಾರೂ ಪುಸ್ತಕ ತೆಗೆಯಲಿಲ್ಲ. ಹೆಚ್ಚಿನವರು ಎಡದಂಡೆ ಕಾಲುವೆ ನೀರು ನಂಬಿ ಭತ್ತ ಹಚ್ಚುವ ಮನೆಯವರು. ತುಂಬಿದ್ದ ಡ್ಯಾಮಿನ ನೀರು ಕಣ್ಣೆದುರೇ ಹರಿದು ಹೋಗುತ್ತಿದ್ದರೆ ಆ ಮಕ್ಕಳಿಗೆ ಗ್ರಾಮರ್ ಎಲ್ಲಿ ತಲೆಗೆ ಹತ್ತಬೇಕು? ನನಗೂ ಪಾಠ ಮಾಡುವ ಮನಸ್ಸಿರಲಿಲ್ಲ. ಆದ್ದರಿಂದ ಆ ಸುದ್ದಿಯನ್ನೇ ಇಂಗ್ಲಿಷಿನಲ್ಲಿ ಹೇಳಿ ನೋಡೋಣ ಅಂದೆ.

ಒಬ್ಬ ಹುಡುಗ ಬರೆದ: 'ದ ಗೇಟ್ ಹ್ಯಾಸ್ ಬ್ರೋಕನ್ ಯೆಸ್ಟರ್ಡೇ'. ತಪ್ಪು ಅಂದರೆ ಅವನು ಒಪ್ಪಲಿಲ್ಲ. 'ಯಾಕ್ರಿ ಅಕ್ಕಾರ, ನಿನ್ನೆ ರಾತ್ರಿನ ಹೋಗೈತಲ್ರಿ' ಅಂದ. ಅವನು ಹೇಳಿದ್ದರಲ್ಲಿ ನ್ಯಾಯ ಇದೆ. ಕನ್ನಡದಲ್ಲಿ 'ನಿನ್ನೆ ಹೋಗಿದೆ' ಅಂತಲೂ ಹೇಳುತ್ತೇವೆ, 'ನಿನ್ನೆ ಹೋಯಿತು' ಅಂತಲೂ ಹೇಳುತ್ತೇವೆ. ಇಂಗ್ಲಿಷ್ ಇಲ್ಲಿ ಬಹಳ ಬಿಗಿ. ಗೇಟು ಹೋಗಿದೆ, ಅದರ ಪರಿಣಾಮ ಈಗಲೂ ನಮ್ಮ ಮುಂದಿದೆ ಅನ್ನುವಾಗ 'ಹ್ಯಾಸ್ ಬ್ರೋಕನ್'. ಆದರೆ ನಿನ್ನೆ, ಶನಿವಾರ, ರಾತ್ರಿ ಇಷ್ಟು ಗಂಟೆಗೆ ಅಂತ ಮುಗಿದುಹೋದ ಹೊತ್ತನ್ನು ಹೆಸರಿಸಿದ ಕೂಡಲೇ 'ಬ್ರೋಕ್' ಅನ್ನಲೇಬೇಕು. ಇಂಗ್ಲಿಷ್ ಸುದ್ದಿಗಳನ್ನು ಗಮನಿಸಿ, ಮೊದಲ ಸಾಲಲ್ಲಿ ಎಷ್ಟೋ ಸಲ ಹ್ಯಾಸ್ ಇರುತ್ತದೆ, ಎಷ್ಟು ಗಂಟೆಗೆ, ಹೇಗೆ ಆಯಿತು ಅಂತ ವಿವರಕ್ಕೆ ಇಳಿದಾಗ ಸಿಂಪಲ್ ಪಾಸ್ಟ್ ಬರುತ್ತದೆ.

ಆಮೇಲೆ ಮಕ್ಕಳೇ ಸಾಲು ಕೊಡತೊಡಗಿದರು. ನಾವು ಬೆಳಿಗ್ಗೆ ಎದ್ದು ನೋಡುವಷ್ಟರಲ್ಲಿ ಗೇಟು ಹೋಗಿತ್ತು. ಎರಡೂ ಹಿಂದೆ ನಡೆದದ್ದು, ಅದರಲ್ಲಿ ಮೊದಲು ನಡೆದದ್ದಕ್ಕೆ ಹ್ಯಾಡ್. 'ದ ಗೇಟ್ ಹ್ಯಾಡ್ ಗಾನ್.' ಪಾಸ್ಟ್ ಪರ್ಫೆಕ್ಟ್ ಇಷ್ಟು ಬೇಗ ತಿಳಿದದ್ದು ಅವತ್ತೇ.

ಶನಿವಾರದಿಂದ ನೀರು ಹರಿಯುತ್ತಿದೆ ಅನ್ನೋದರಲ್ಲಿ ಮಾತ್ರ ಎಲ್ಲರೂ ಎಡವಿದರು. 'ಇಸ್ ಫ್ಲೋಯಿಂಗ್' ಅಂತ ಬರೆದರು. ಕನ್ನಡದ ದಾರಿಯೇ ಅದು, ಅವರ ತಪ್ಪೇನಿಲ್ಲ. ಆದರೆ ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವುದಕ್ಕೆ ಇಂಗ್ಲಿಷಿನಲ್ಲಿ 'ಹ್ಯಾಸ್ ಬೀನ್ ಫ್ಲೋಯಿಂಗ್' ಬೇಕು. ಮತ್ತೆ ನಾವು 'ಶನಿವಾರದಿಂದ', 'ಎರಡು ದಿನದಿಂದ' ಅಂತ ಎರಡಕ್ಕೂ ಒಂದೇ 'ಇಂದ' ಹಚ್ಚುತ್ತೇವೆ, ಅಲ್ಲಿ ಶುರುವಾದ ಹೊತ್ತಿಗೆ ಸಿನ್ಸ್, ಎಷ್ಟು ಹೊತ್ತು ಅನ್ನೋದಕ್ಕೆ ಫಾರ್.

ಹಾಗಂತ ಕನ್ನಡ ಬರೀ ಅಡ್ಡ ಬರುತ್ತದೆ ಅನ್ನೋದನ್ನು ನಾನು ಒಪ್ಪೋದಿಲ್ಲ. 'ಡಿಡ್ ನಾಟ್ ಕೇಮ್' ಅಂತ ಬರೆದ ಹುಡುಗಿಗೆ, 'ನೀನು ಬಂದಲಿಲ್ಲ ಅಂತೀಯಾ, ಬರಲಿಲ್ಲ ಅಂತೀಯಾ?' ಅಂತ ಕೇಳಿದೆ. ನಗುತ್ತಾ 'ಕಮ್' ಅಂತ ತಿದ್ದಿದಳು. 'ಬರಲಿಲ್ಲ', 'ಡಿಡ್ ನಾಟ್ ಕಮ್' ಥರದ ಮಾತಿನಲ್ಲಿ ಎರಡೂ ಭಾಷೆಯಲ್ಲಿ ಮೂಲ ಕ್ರಿಯಾಪದದಲ್ಲಿ ಭೂತಕಾಲ ಇರೋದಿಲ್ಲ. ಇದನ್ನು ತೋರಿಸಿಕೊಟ್ಟರೆ ಒಂದು ದೊಡ್ಡ ನಿಯಮ ಉರು ಹೊಡೆಯುವ ಕೆಲಸ ತಪ್ಪುತ್ತದೆ ಅಲ್ವಾ?

ಆ ವಾರವೆಲ್ಲ ಹೀಗೇ ನಡೆಯಿತು. ಹರಿಯುವ ನೀರಿನ ನಡುವೆಯೇ ಸ್ಟಾಪ್ ಲಾಗ್, ಅಂದರೆ ಗೇಟಿನ ಬದಲಿಗೆ ತಾತ್ಕಾಲಿಕ ತಡೆ, ಇಳಿಸುವ ಕೆಲಸ ಶುರುವಾದಾಗ 'ದೇ ಆರ್ ಟ್ರೈಯಿಂಗ್' ಅಂತ ಬರೆದರು. ಆಗಸ್ಟ್ 17ರ ಹೊತ್ತಿಗೆ ಗೇಟಿನ ಜಾಗ ಮುಚ್ಚಿತು, ಮಕ್ಕಳ ನೋಟ್‌ಬುಕ್ಕಿನಲ್ಲಿ 'ದೇ ಹ್ಯಾವ್ ಕ್ಲೋಸ್ಡ್ ಇಟ್' ಬಂತು. ಕೆಳಗೆ ಯೆಸ್ಟರ್ಡೇ ಬರೆದು, ತಾನೇ ಹೊಡೆದುಹಾಕಿದ್ದ ಆ ಹುಡುಗ. ಹನ್ನೆರಡರ ಪಟ್ಟಿಯನ್ನು ಈಗಲೂ ಕಲಿಸುತ್ತೇನೆ, ಪರೀಕ್ಷೆಗೆ ಬೇಕು. ಆದರೆ ಕೊನೆಗೆ ಕಲಿಸುತ್ತೇನೆ, ಅದಕ್ಕೂ ಮೊದಲು ಊರಿನ ಯಾವುದಾದರೂ ಸುದ್ದಿ ಹೇಳಿಸುತ್ತೇನೆ.