ಅಪ್ಪನ ಲಿವರ್ ಆಪರೇಶನ್

ದೊಡ್ಡಕರುಳಿನ ಕ್ಯಾನ್ಸರ್ ಲಿವರ್‌ಗೂ ಹೋಗಿದೆ ಅಂತ ರಿಪೋರ್ಟ್ ಬಂದಾಗ ನೆಂಟರೆಲ್ಲ ಹೇಳಿದ್ದು ಒಂದೇ ಮಾತು: "ಇನ್ನೇನೂ ಇಲ್ಲ, ಮನೆಗೆ ಕರ್ಕೊಂಡು ಬಂದ್ಬಿಡಿ." ಮಲೇಬೆನ್ನೂರಿನ ಹತ್ತಿರ ನಮ್ಮೂರು. ಅಪ್ಪ ಭತ್ತ ಬೆಳೆಯೋರು. ಲಿವರ್ ಅಂದ ತಕ್ಷಣ "ಕುಡೀತಿದ್ರಾ?" ಅಂತ ಕೇಳಿದವರೂ ಇದ್ದಾರೆ, ಅದು ನನಗೆ ತುಂಬಾ ನೋವಾಯಿತು. ಇದು ಲಿವರ್‌ನಲ್ಲೇ ಹುಟ್ಟಿದ ಕಾಯಿಲೆ ಅಲ್ಲ. ಕರುಳಿನ ರಕ್ತ ಪೋರ್ಟಲ್ ಅನ್ನೋ ರಕ್ತನಾಳದಲ್ಲಿ ನೇರ ಲಿವರ್‌ಗೆ ಬರುತ್ತದೆ. ಅದಕ್ಕೇ ಕರುಳಿನ ಕ್ಯಾನ್ಸರ್ ಹರಡಿದರೆ ಸಾಮಾನ್ಯವಾಗಿ ಮೊದಲು ಅಲ್ಲೇ ಕೂರುತ್ತದೆ.

ಕರುಳಿನ ಆಪರೇಶನ್ ದಾವಣಗೆರೆಯಲ್ಲೇ ಆಯಿತು. ಆಮೇಲೆ ಕೀಮೋ. ಆಕ್ಸಲಿಪ್ಲಾಟಿನ್ ಅನ್ನೋ ಕೀಮೋ ಔಷಧಿ ಕೊಟ್ಟ ಮೇಲೆ ತಣ್ಣನೆಯದು ಏನು ಮುಟ್ಟಿದರೂ ಬೆರಳು ಜುಮ್ಮೆನ್ನುತ್ತಿತ್ತು, ಬೆಳಿಗ್ಗೆ ಸ್ಟೀಲ್ ಚೊಂಬು ಹಿಡಿಯೋಕೂ ಅಪ್ಪ ಕೈಗೆ ಟವೆಲ್ ಸುತ್ತಿಕೊಳ್ಳುತ್ತಿದ್ದರು. ಕೀಮೋ ಕೊಟ್ಟ ಡಾಕ್ಟರೇ ಹೇಳಿದರು: "ಗಡ್ಡೆಗಳು ಕುಗ್ಗಿವೆ, ಲಿವರ್ ಬಿಟ್ಟು ಬೇರೆಲ್ಲೂ ಕಾಣ್ತಿಲ್ಲ, ಬೆಂಗಳೂರಲ್ಲಿ ಲಿವರ್ ಸರ್ಜನ್‌ಗೆ ಒಮ್ಮೆ ತೋರಿಸಮ್ಮ." ಆ ಮಾತಿಗೆ ನಾನು ಯಾವತ್ತೂ ಋಣಿ.

ಸರ್ಜನ್ ಸ್ಕ್ಯಾನನ್ನು ಕಂಪ್ಯೂಟರಿನಲ್ಲಿ ಮೇಲೆ ಕೆಳಗೆ ಸರಿಸುತ್ತಾ ತೋರಿಸಿದರು. ಗಡ್ಡೆಯ ಕಲೆಗಳೆಲ್ಲ ಬಲಭಾಗದಲ್ಲಿ. ಲಿವರ್‌ನ ದೊಡ್ಡ ಪಾಲು ಇರೋದೂ ಬಲಕ್ಕೇ. ಅದನ್ನು ತೆಗೆದರೆ ಉಳಿಯೋದು ಸಾಲಲ್ಲ. ಆರೋಗ್ಯವಾಗಿರೋ ಲಿವರ್ ಆದರೆ ಶೇ. 20ರಷ್ಟು ಉಳಿದರೂ ನಡೆಯುತ್ತದೆ, ಕೀಮೋ ತಗೊಂಡ ಲಿವರ್‌ಗೆ ಶೇ. 30 ಆದರೂ ಬೇಕಂತೆ. ಹಾಗಾಗಿ ಮೊದಲು ಬಲಕ್ಕೆ ಹೋಗುವ ಪೋರ್ಟಲ್ ನಾಳವನ್ನು ಸೂಜಿ ಹಾಕಿ ಒಳಗಿಂದಲೇ ಮುಚ್ಚುತ್ತಾರೆ. ಆ ರಕ್ತ ಎಡಕ್ಕೆ ತಿರುಗುತ್ತದೆ, ಕೆಲವು ವಾರಗಳಲ್ಲಿ ಎಡಭಾಗ ಬೆಳೆಯುತ್ತದೆ.

ಅಲ್ಲೀವರೆಗೂ ಸುಮ್ನೆ ಕೂತಿದ್ದ ಅಪ್ಪ ಬಾಯಿಬಿಟ್ಟರು. "ಅಂದ್ರೆ ಈ ಕಡೆ ತೂಬು ಮುಚ್ಚಿ ಆ ಕಡೆ ಗದ್ದೆಗೆ ನೀರು ಬಿಟ್ಟಂಗೆ, ಅಲ್ವೇನ್ರಿ ಸಾರ್?"

"ಸರಿಯಾಗಿ ಹೇಳಿದ್ರಿ ಯಜಮಾನ್ರೇ!"

ಭದ್ರಾ ಕಾಲುವೆ ನೀರಿಗೆ ಸರದಿ ಕಾದು ರಾತ್ರಿಯೆಲ್ಲ ಬದುವಿನ ಮೇಲೆ ನಿಂತ ಮನುಷ್ಯ. ಅಲ್ಲಿಂದಾಚೆ ಎಲ್ಲ ಪ್ರಶ್ನೆಗಳನ್ನೂ ಅವರೇ ಕೇಳಿದರು, ಎಷ್ಟು ಬೆಳೆಯಬೇಕು, ಬೆಳೆಯದಿದ್ದರೆ ಏನು ಮಾಡ್ತೀರಿ, ಎಲ್ಲ.

ಬೆಳೆಯಿತು. ಆಪರೇಶನ್‌ಗೆ ಬೆಳಿಗ್ಗೆ ಒಳಗೆ ಹೋದವರು ಹೊರಗೆ ಬಂದಾಗ ಸಂಜೆ. ಹೊಟ್ಟೆ ತೆರೆದು ಲಿವರ್ ಮೇಲೇ ಅಲ್ಟ್ರಾಸೌಂಡ್ ಇಟ್ಟು ಹುಡುಕಿದಾಗ ಎಡಭಾಗದಲ್ಲೂ ಒಂದು ಚಿಕ್ಕ ಕಲೆ ಸಿಕ್ಕಿತಂತೆ, ಅದನ್ನು ಅಲ್ಲೇ ಸುಟ್ಟರು. ಆಮೇಲೆ ಐಸಿಯುನಲ್ಲಿ ರಕ್ತದಲ್ಲಿ ಬಿಲಿರುಬಿನ್ ಅನ್ನೋ ಹಳದಿ ಅಂಶ ಏರಿ ಅಪ್ಪನ ಕಣ್ಣು ಹಳದಿಯಾಯಿತು. ಉಳಿದ ಲಿವರ್ ಸಾಲುತ್ತಾ ಇಲ್ಲವಾ ಅಂತ ದಿನಾ ರಕ್ತದ ರಿಪೋರ್ಟ್ ಕಾಯುತ್ತಿದ್ದೆನಲ್ಲ, ನಿಜವಾಗಿ ಹೆದರಿದ್ದು ಆಗಲೇ. ನಿಧಾನಕ್ಕೆ ಇಳಿಯಿತು.

ಎಲ್ಲರಿಗೂ ಈ ಆಪರೇಶನ್ ಆಗುವುದಿಲ್ಲ. ಕಲೆ ಎಲ್ಲಿದೆ, ತೆಗೆದ ಮೇಲೆ ಎಷ್ಟು ಉಳಿಯುತ್ತದೆ ಅನ್ನೋದನ್ನು ಲಿವರ್ ಸರ್ಜನ್ನೇ ನೋಡಿ ಹೇಳಬೇಕು, ನೆಂಟರಲ್ಲ. ಬರೀ ರಿಪೋರ್ಟ್ ಹಾಳೆ ಸಾಲಲ್ಲ, ಸ್ಕ್ಯಾನಿನ ಸಿಡಿಯೂ ತಗೊಂಡು ಹೋಗಿ.

ಡಾಕ್ಟರ್ ಏನೂ ಮುಚ್ಚಿಡಲಿಲ್ಲ. ಈ ಆಪರೇಶನ್ ಆದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಮತ್ತೆ ಎಲ್ಲಾದರೂ ಕಾಣಿಸಿಕೊಳ್ಳುತ್ತದೆ, ಹಾಗಿದ್ದೂ ನೂರರಲ್ಲಿ 40-50 ಜನ 5 ವರ್ಷ ದಾಟುತ್ತಾರೆ, ಲಿವರ್‌ನಲ್ಲೇ ಬಂದರೆ ಕೆಲವರಿಗೆ ಎರಡನೇ ಸಲವೂ ತೆಗೆಯಬಹುದು ಅಂದರು. ಈಗ ಮೂರು ತಿಂಗಳಿಗೊಮ್ಮೆ ಸಿಇಎ ರಕ್ತಪರೀಕ್ಷೆ, ಕ್ಯಾನ್ಸರ್ ಮತ್ತೆ ಬಂದಿದೆಯಾ ಅನ್ನೋ ಸುಳಿವಿಗೆ. ಹೋದ ಸಲದ್ದು ನಾರ್ಮಲ್ ಬಂತು. ಮುಂದಿನದು ದೀಪಾವಳಿ ಆದ ಮೇಲೆ, ಅದರ ಜೊತೆ ಸ್ಕ್ಯಾನೂ ಇದೆ.